ಕೂಳೂರು ಕಡವಿನಲ್ಲಿ ಮುಳುಗಿದ ಕಾರು

ಮೊನ್ನೆ ತಮ್ಮನ ಕಾರಿನ ಬಾಗಿಲು ತೆರೆದಾಗ ಮಳೆಗೆ ನೆನೆದ ಸೀಟಿನ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಹತ್ತಲಾಗದೆ ಹಾಗೆಯೇ ನಿಂತುಬಿಟ್ಟೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಉರ್ವದ ನಮ್ಮ ಓಣಿಯ ತುದಿಯಲ್ಲಿ, ಹೊಳೆಯಿಂದ ಎಳೆದು ತಂದ ಕಾರೊಂದು ನೀರು ಸುರಿಸುತ್ತ ನಿಂತಿತ್ತು. ಅದಕ್ಕೂ ಇದೇ ವಾಸನೆ... ಅದರೊಳಗೆ ಸತ್ತವರು ಪಕ್ಕದ ಮನೆಯ ಬಾಯಮ್ಮನ ಗಂಡ. ಕ್ರಿಸ್ತುವರ ಹೆಂಗಸರನ್ನು ನಾವು ಬಾಯಮ್ಮ ಎಂದೇ ಕರೆಯುತ್ತಿದ್ದೆವು.

ಆತ ಧಣಿಯೊಬ್ಬರ ಡ್ರೈವರ್. ಬಾಯಮ್ಮ, ಇಬ್ಬರು ಮಕ್ಕಳು ಇದ್ದದ್ದೂ ಧಣಿಯ ಬಿಡಾರದಲ್ಲೇ. ಆಗ ಪೆಟ್ರೋಲಿಗೆ ರೇಷನ್, ಟಯರಂತೂ ಸಿಗುತ್ತಲೇ ಇರಲಿಲ್ಲ. ಧಣಿಯ ಎರಡು ಕಾರುಗಳೂ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ಕೂಳೂರಿನಲ್ಲಿ ಸೇತುವೆ ಇರಲಿಲ್ಲ. ಸುರತ್ಕಲ್ ಕಡೆ ಹೋಗುವ ಕಾರುಗಳನ್ನು ಕಡವಿನಲ್ಲಿ ದೋಣಿಗೆ ಹತ್ತಿಸಿ ದಾಟಿಸುತ್ತಿದ್ದರು. ಕಡವಿಗಿಳಿಯುವ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಕಾರು ಹೊಳೆಗೆ ಬಿತ್ತು ಎಂದರು ಧಣಿ. ಊರು ನಂಬಿತು.

ಮದ್ರಾಸಿನಿಂದ ಬಂದ ವಿಮಾ ಕಂಪೆನಿಯ ಇನ್ಸ್‌ಪೆಕ್ಟರ್ ನಂಬಲಿಲ್ಲ. ಕಡವಿನವರನ್ನು ಕೇಳಿದರು, ಅಂಗಡಿಯವರನ್ನು ಕೇಳಿದರು. ಧಣಿಯ ಹೆಸರೆತ್ತಿದರೆ ಎಲ್ಲರೂ ಮೂಕರು. ಕೊನೆಗೆ ಬಾಯಮ್ಮನ ಮನೆಗೆ ಬಂದರು. ಅವರಿಗೆ ಕನ್ನಡ ಬಾರದು, ಬಾಯಮ್ಮನಿಗೆ ಇಂಗ್ಲಿಷ್ ಬಾರದು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನನ್ನು ನಡುವೆ ಕೂರಿಸಿದರು.

ಹಿಂದಿನ ದಿನವಷ್ಟೇ ಧಣಿ ಬಾಯಮ್ಮನಲ್ಲಿಗೆ ಬಂದು, ಬ್ರೇಕಿನ ಮಾತನ್ನೇ ಹೇಳಿದರೆ ಈ ಮನೆ ನಿಮಗೇ ಎಂದು ಹೇಳಿ ಹೋಗಿದ್ದರು. ಬಾಯಮ್ಮ ನನ್ನ ಕೈ ಹಿಡಿದುಕೊಂಡರು.

"ಸತ್ಯ ಹೇಳಿದರೆ ಎಂತ ಆಗ್ತದೆ ಟೀಚರೇ?"

"ಮನೆ ಹೋಗ್ತದೆ. ನಿಮ್ಮ ಗಂಡನ ಹೆಸರೂ ಹಾಳಾಗ್ತದೆ. ಮಕ್ಕಳಿದ್ದಾರೆ ಬಾಯಮ್ಮ, ಸುಮ್ಮನಿರಿ."

ಬಾಯಮ್ಮ ನನ್ನ ಕೈ ಬಿಟ್ಟರು.

"ಶೆಡ್ಡಿನಲ್ಲಿ ಇನ್ನೊಂದು ಕಾರು ಉಂಟಲ್ಲ. ಅದಕ್ಕೂ ಒಬ್ಬ ಡ್ರೈವರ್ ಇದ್ದಾನೆ. ಅವನಿಗೆ ಈಗಷ್ಟೇ ಮದುವೆ ಆದದ್ದು."

ಆಮೇಲೆ ಎಲ್ಲವನ್ನೂ ಹೇಳಿಬಿಟ್ಟರು. ಕಾರನ್ನು ಹೊಳೆಗೆ ಬಿಟ್ಟು ನೀನು ಹಾರಿಕೋ, ವಿಮೆ ಬರುತ್ತದೆ ಎಂದಿದ್ದರಂತೆ ಧಣಿ. ಗಂಡ ಒಪ್ಪದಿದ್ದಾಗ ಕೆಲಸವೂ ಬಿಡಾರವೂ ಹೋಗುತ್ತದೆಂದು ಹೆದರಿಸಿದ್ದರಂತೆ. ಕಾರನ್ನು ಮೇಲೆತ್ತಿದಾಗ ಅವನ ಕೈ ಬಾಗಿಲ ಹಿಡಿಯಲ್ಲೇ ಇತ್ತು... ಒಂದೊಂದು ಮಾತನ್ನೂ ನಾನು ಇಂಗ್ಲಿಷಿಗೆ ತಿರುಗಿಸಿದೆ. ಇನ್ಸ್‌ಪೆಕ್ಟರ್ ತಲೆ ತಗ್ಗಿಸಿಕೊಂಡೇ ಕೇಳಿದರು.

ಕಂಪೆನಿ ಧಣಿಗೆ ಏನೂ ಕೊಡಲಿಲ್ಲ. ಆದರೆ ಬೇರೆ ಯಾರೂ ಸಾಕ್ಷಿ ಹೇಳದೆ ಪೊಲೀಸ್ ಕೇಸು ಬಿದ್ದುಹೋಯಿತು. ಎರಡನೆಯ ಕಾರು ಗುಜರಿಗೆ ಹೋಯಿತು. ಅದರ ಡ್ರೈವರ್ ಬದುಕಿದ. ಕೆಲಸ ಹೋದ ಸಿಟ್ಟಿಗೆ ಬಾಯಮ್ಮನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಗಂಡನನ್ನೇ ಕಳ್ಳನೆಂದವಳು ಎಂದು ಭಾನುವಾರ ಪೂಜೆಗೆ ಹೋದರೆ ಇಗರ್ಜಿಯ ಮೆಟ್ಟಿಲಲ್ಲೂ ಜನ ಆಡಿಕೊಂಡರು.

ಬಾಯಮ್ಮ ಬಿಡಾರ ಖಾಲಿ ಮಾಡಿ, ಬೊಂಬಾಯಿಯಲ್ಲಿ ಆಯಾ ಕೆಲಸ ಸಿಕ್ಕೀತೆಂದು ಮಕ್ಕಳ ಕೈ ಹಿಡಿದು ಹೊರಟರು. "ನಾನು ತಪ್ಪು ಮಾಡಿದೆನಾ ಟೀಚರೇ?" ಎಂದರು. ಇಲ್ಲ ಎಂದೆ. ಬಸ್ಸಿನ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ... ಮತ್ತೆ ಅವರ ಸುದ್ದಿಯೇ ಇಲ್ಲ.

ಈ ಸಲ ಸತ್ತವರ ಹಬ್ಬದ ದಿನ ಮೇಣದಬತ್ತಿ ಹಿಡಿದು ಇಗರ್ಜಿಯ ಸ್ಮಶಾನಕ್ಕೆ ಹೋದೆ. ಅವರ ಗಂಡನ ಗೋರಿ ಇದ್ದಲ್ಲಿ ಜಾಗ ಸಾಲದೆ ಈಗ ಬೇರೆ ಯಾರನ್ನೋ ಹೂಳಿದ್ದಾರೆ. ಆ ಹೊಸ ಗೋರಿಯ ಮನೆಯವರು ಪ್ರಾರ್ಥನೆ ಮಾಡುತ್ತಿದ್ದರು. ಅವರು ಮುಗಿಸಿ ಹೋಗುವವರೆಗೆ ಕಾದು, ಅಲ್ಲೇ ಮೇಣದಬತ್ತಿ ಹಚ್ಚಿಟ್ಟು ಬಂದೆ.