ಅಕ್ಕನ ಗಂಟು, ಟಿಶ್ಯೂ ಎಂಬ ಶಬ್ದ

ಅಕ್ಕನ ಕಿವಿಯ ಕೆಳಗೆ, ಕೊರಳಿನಲ್ಲಿ ಒಂದು ಗಂಟು ಎದ್ದಿತ್ತು. ನೋವಿಲ್ಲವೆಂದು ಆಕೆ ಸುಮ್ಮನಿದ್ದಳು. ಗಜೇಂದ್ರಗಡದಲ್ಲಿ ಅಕ್ಕ ಮತ್ತು ಆಕೆಯ ಗಂಡ ಕೈಮಗ್ಗದ ಸೀರೆ ನೇಯುತ್ತಾರೆ. ನಾನು ರೋಣದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ದೀಪಾವಳಿಗೆ ಹೋದಾಗ ಗಂಟು ಕಣ್ಣಿಗೆ ಬಿತ್ತು. ಹಬ್ಬ ಮುಗಿದ ಕೂಡಲೇ ಆಕೆಯನ್ನು ರೋಣದ ದವಾಖಾನೆಗೆ ಕರೆತಂದೆ.

ಡಾಕ್ಟರು ಬೆರಳಿನಿಂದ ಒತ್ತಿ ನೋಡಿದರು. "ಸ್ವಲ್ಪ ಟಿಶ್ಯೂ ತಗದು ಹುಬ್ಬಳ್ಳಿಗೆ ಕಳಸೂಣ್ರಿ. ರಿಪೋರ್ಟ್ ಬರೂತನಕ ಏನೂ ಹೇಳಾಕ ಬರೂದಿಲ್ಲ."

ಹೊರಗೆ ಬಂದು ಅಕ್ಕ ಕೇಳಿದಳು: "ಟಿಶ್ಯೂ ಅಂದ್ರ ಮದಿವಿ ಊಟದಾಗ ಕೈ ಒರಸ್ಕೊಳ್ಳಾಕ ಕೊಡ್ತಾರಲ್ಲ, ಅದೇನೋ?"

"ಅದಲ್ಲಕ್ಕಾ. ಗಂಟಿನಾಗಿಂದ ಒಂದು ಚೂರು."

ರಿಪೋರ್ಟಿಗೆ ಕಾಯುವಾಗ ಶಾಲೆಯ ದೊಡ್ಡ ನಿಘಂಟು ತೆಗೆದೆ. ಪಾಠದಲ್ಲಿ ಟಿಶ್ಯೂವನ್ನು ಅಂಗಾಂಶ ಎಂದು ವರ್ಷಗಟ್ಟಲೆ ಹೇಳಿದ್ದೆ. ಇಂಗ್ಲಿಷ್ ಶಬ್ದ ಎಲ್ಲಿಂದ ಬಂತೆಂದು ನೋಡಿರಲಿಲ್ಲ. ಹಳೆಯ ಫ್ರೆಂಚಿನಲ್ಲಿ ಟಿಶ್ಯೂ ಎಂದರೆ ನೇಯ್ದದ್ದು. ಅದರ ಬೇರು ಲ್ಯಾಟಿನ್ನಿನಲ್ಲಿ ನೇಯುವುದಕ್ಕೆ ಇರುವ ಮಾತು. ಇಂಗ್ಲಿಷಿನವರು ಮೊದಲು ಜರಿಯ ಬಟ್ಟೆಗೆ ಆ ಹೆಸರು ಹೇಳುತ್ತಿದ್ದರು. ಬಹಳ ಕಾಲದ ಮೇಲೆ ಅದು ಮೈಯೊಳಗಿನ ಪದರುಗಳಿಗೆ ಬಂತು.

ಭಾನುವಾರ ಗಜೇಂದ್ರಗಡಕ್ಕೆ ಹೋಗಿ ಇದನ್ನೇ ಅಕ್ಕನಿಗೆ ಹೇಳಿದೆ. ಆಕೆ ಲಾಳಿ ನಿಲ್ಲಿಸಿದಳು. "ಅಂದ್ರ ಡಾಕ್ಟರು ಮಗ್ಗದ ಮ್ಯಾಲಿನ ಸೀರಿಗೇ ಕತ್ತರಿ ಹಾಕ್ಯಾರ ಅನ್ನು," ಎಂದು ನಕ್ಕಳು. ಆಕೆಯ ಗಂಡ ನಗಲಿಲ್ಲ, ಎದ್ದು ಹೊರಗೆ ಹೋದ. ಅವನು ಹೋದ ಮೇಲೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ಖರೇ ಹೇಳ್ತೀನಿ ತಮ್ಮಾ, ಕ್ಯಾನ್ಸರ್ ಇದ್ರ ಹ್ಯಾಂಗ ಅಂತ ಭಾಳ ಹೆದರಿಕಿ ಆಗೇತಿ."

ನಾನು ಆಕೆಯ ಪಕ್ಕದಲ್ಲಿ ಕೂತೆ.

ರಿಪೋರ್ಟ್ ಬಂತು. ಕ್ಯಾನ್ಸರ್ ಆಗಿರಲಿಲ್ಲ, ಕ್ಷಯ. "ಇದು ಗಂಟಿನ ಟಿಬಿ ರೀ. ಮಂದಿಗೆ ಹತ್ತೂದಿಲ್ಲ. ಗುಳಿಗಿ ತಪ್ಪಸಬ್ಯಾಡ್ರಿ, ಆರಾಮ ಆಗ್ತೈತಿ," ಅಂದರು ಡಾಕ್ಟರು.

"ಓಣ್ಯಾಗ ಯಾರಿಗೂ ಹೇಳಬ್ಯಾಡ," ಎಂದ ಅಕ್ಕನ ಗಂಡ. ಅಕ್ಕ ಮರುದಿನವೇ ನಳದ ಹತ್ತಿರ ತಾನಾಗಿ ಹೇಳಿದಳು. ಕೆಲವರು ಮನೆಗೆ ಬರುವುದನ್ನು ಬಿಟ್ಟರು. ಎದುರುಮನೆಯಾಕೆ ಮಾತ್ರ ಸಂಜೆ ಬಂದು, ಸೆರಗು ಸರಿಸಿ ತನ್ನ ಕುತ್ತಿಗೆಯ ಹಳೇ ಕಲೆ ತೋರಿಸಿದಳಂತೆ. "ನನಗೂ ಇದ ಆಗಿತ್ತವಾ. ತವರಮನ್ಯಾಗ ಮುಚ್ಚಿಟ್ಟಿದ್ರು."

ಗುಳಿಗೆ ಮುಗಿಯುವವರೆಗೂ ಆಕೆಯೇ ಅಕ್ಕನ ಜೊತೆ ದವಾಖಾನೆಗೆ ಬರುತ್ತಿದ್ದಳು. ಗಂಟು ಕರಗಿತು. ಆ ಇಬ್ಬರ ಗೆಳೆತನ ಈಗಲೂ ಇದೆ.