ಕಣ್ಣಿಗೆ ಕಾಣದ ಉರಿ

ಕೊಳ್ಳೇಗಾಲದಿಂದ ಹನೂರಿನ ಮೇಲೆ ರಾಮಾಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಕೂಗದಿದ್ದರೆ ನಡೆಯದ ಕೆಲಸ. ಹೋದ ವರ್ಷ ಆ ಕೂಗೇ ಒಡೆಯತೊಡಗಿತು. ಕಾಮಗೆರೆ ಬರುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಊಟವಾದ ಮೇಲೆ ಬಗ್ಗಿ ಯಾರದೋ ಮೂಟೆ ಸರಿಸಿದರೆ ಹುಳಿನೀರು ಬಾಯಿಗೇ ಬರುತ್ತಿತ್ತು. ಎದೆಯ ನಡುವೆ ಕೆಂಡ ಇಟ್ಟ ಹಾಗೆ ಉರಿ.

ಬೇರೆಯವರಾಗಿದ್ದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಾಗುತ್ತಿದ್ದರೇನೋ. ನಮ್ಮವ್ವ ಹೋದದ್ದು ಅನ್ನನಾಳದ ಕ್ಯಾನ್ಸರಿನಿಂದ. ಕೊನೆಗೆ ಗಂಜಿಯೂ ಇಳಿಯದಾದಾಗ ಲೋಟ ಹಿಡಿದು ಪಕ್ಕದಲ್ಲಿ ಕೂತಿದ್ದವಳು ನಾನು.

ಮೊದಲ ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. ಗಾಯವಿಲ್ಲ, ಗಡ್ಡೆಯಿಲ್ಲ, ಅನ್ನನಾಳ ಚೆನ್ನಾಗಿದೆ ಎಂದರು. ಆ ದಿನ ದೇವರಿಗೆ ಕೈಮುಗಿದೆ. ಆದರೆ ಮಾತ್ರೆ ನುಂಗಿದರೂ ಉರಿ ಹೋಗಲಿಲ್ಲ. "ಯಾನೂ ಇಲ್ಲ ಅಂದವ್ರೆ, ಇನ್ನೂ ಎದೆ ಹಿಡ್ಕಂಡೇ ಓಡಾಡ್ತಾಳೆ" ಎಂದು ನಮ್ಮ ಡ್ರೈವರ್ ನನಗೆ ಕೇಳುವಂತೆಯೇ ಯಾರಿಗೋ ಹೇಳಿದ. ಅವತ್ತಿನಿಂದ ನೋವನ್ನು ಬಚ್ಚಿಡುವುದೂ ಒಂದು ಕೆಲಸವಾಯಿತು.

ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರಮ್ಮನನ್ನು ನೋಡಿದೆ. ನನ್ನ ಮಾತನ್ನು ಪೂರ್ತಿ ಕೇಳಿ ಅವರೆಂದರು: "ಒಳಗೋಡೆ ಕಣ್ಣಿಗೆ ಚೆನ್ನಾಗಿ ಕಂಡರೂ ಆಮ್ಲ ಅದನ್ನು ಸಡಿಲ ಮಾಡಿರಬಹುದು. ಮೊದಲೆಲ್ಲ ಮೂಗಿನಲ್ಲಿ ನಳಿಗೆ ಹಾಕಿ ಇಡೀ ದಿನ ಮನೆಗೆ ಕಳಿಸಿ ಆಮ್ಲವನ್ನು ಅಳೆಯುತ್ತಿದ್ದೆವು. ಈಗ ಎಂಡೋಸ್ಕೋಪಿ ಮಾಡುವಾಗಲೇ ಸಣ್ಣ ಬಲೂನೊಂದನ್ನು ಗೋಡೆಗೆ ತಾಗಿಸಿ ನೋಡುವ ಪರೀಕ್ಷೆ ಬಂದಿದೆ. ಗೋಡೆ ಬಿಗಿಯೋ ಸಡಿಲವೋ ಅಲ್ಲೇ ಗೊತ್ತಾಗುತ್ತದೆ." ಅದಕ್ಕೆ ಮೊದಲು ಮಾತ್ರೆ ನಿಲ್ಲಿಸಬೇಕು ಎಂದರು.

ಮಾತ್ರೆ ಬಿಟ್ಟ ಆ ದಿನಗಳು! ಪ್ರತಿ ತುತ್ತೂ ಇಳಿಯಿತೋ ಇಲ್ಲವೋ ಎಂದು ಕಾಯುತ್ತಿದ್ದೆ. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಪರೀಕ್ಷೆಯಲ್ಲಿ ಏನಾದರೂ ಸಿಗಲಿ ಎಂದು ಮನಸ್ಸು ಬೇಡುತ್ತಿತ್ತು. ಸಿಕ್ಕಿದ್ದು ಅವ್ವನ ರೋಗವೇ ಆಗಿದ್ದರೆ ಎಂದು ಮರುಕ್ಷಣವೇ ಬೆವರುತ್ತಿದ್ದೆ.

ಪರೀಕ್ಷೆಯ ದಿನ ಜೊತೆಗೆ ಬಂದವಳು ನನ್ನಕ್ಕ. ಯಳಂದೂರಿಗೆ ಕೊಟ್ಟಿರುವ ಅವಳಿಗೆ ಈ ಓಡಾಟವೇ ಹಿಡಿಸಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೂ ಗೊಣಗುತ್ತಲೇ ಇದ್ದಳು.

"ಅವ್ವನ್ನ ನೋಡಿ ಎದ್ರುಕಂಡಿದ್ದೀಯ ಕಣೆ ನೀನು. ಅಷ್ಟೇಯ."

"ಎದ್ರಿಕೆಗೆ ಹುಳಿನೀರು ಬಂದದಾ ಅಕ್ಕ?"

"ಬಾಯ್ಮುಚ್ಕಂಡು ಕೂತ್ಕೊ. ಕೆದಕಿ ಕೆದಕಿ ಯಾಕೆ ನೋಡುಸ್ಕಬೇಕು?"

ನನ್ನ ಹೆಸರು ಕೂಗಿದರು. ಗಂಟಲಿಗೆ ಕಹಿಯಾದ ಔಷಧ ಸಿಂಪಡಿಸಿದಾಗ ನಾಲಿಗೆ ಮರದ ತುಂಡಿನಂತಾಯಿತು. ಎಡ ಮಗ್ಗುಲಿಗೆ ಮಲಗಿಸಿ, ಕೈಗೆ ಒಂದು ಇಂಜೆಕ್ಷನ್ ಕೊಟ್ಟರು. ಅರೆ ಎಚ್ಚರದಲ್ಲಿ ನಳಿಗೆ ಇಳಿಯುವುದು ಗೊತ್ತಾಗುತ್ತಿತ್ತು. ಆಮೇಲೆ ಡಾಕ್ಟರಮ್ಮ "ಇಲ್ಲಿ ನೋಡಿ" ಎಂದು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಏನನ್ನು ನೋಡಿ? ಕೇಳಲು ಬಾಯಿರಲಿಲ್ಲ. ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು.

ಇಂಜೆಕ್ಷನ್ನಿನ ಮತ್ತು ಇಳಿದ ಮೇಲೆ ಅಕ್ಕನನ್ನೂ ಒಳಗೆ ಕರೆದರು. ಪರದೆಯ ಮೇಲೆ ನನ್ನ ಅನ್ನನಾಳ ಬಣ್ಣದ ಪಟ್ಟಿಯಾಗಿ ಬಿದ್ದಿತ್ತು. ಮೇಲೆ ಹಸಿರು, ಹೊಟ್ಟೆಗೆ ಸೇರುವ ಕಡೆ ಕೆಂಪು.

"ಗಡ್ಡೆ ಇಲ್ಲ. ಕ್ಯಾನ್ಸರಿನ ಗುರುತೂ ಇಲ್ಲ," ಡಾಕ್ಟರಮ್ಮ ಮೊದಲು ಅದನ್ನೇ ಹೇಳಿದರು. "ಆದರೆ ಈ ಕೆಂಪು ಇದೆಯಲ್ಲ, ಅಲ್ಲಿ ಗೋಡೆ ಸೋರುತ್ತಿದೆ. ಆಮ್ಲ ದಿನಾ ಮೇಲೆ ಬರುತ್ತಿದೆ. ನಿಮ್ಮ ಉರಿ ಸುಳ್ಳಲ್ಲ."

ಸುಳ್ಳಲ್ಲ ಎಂಬ ಒಂದು ಮಾತಿಗೆ ನಾನು ಬಿಕ್ಕಿಬಿಕ್ಕಿ ಅತ್ತೆ. ಅಕ್ಕ ಮಾತ್ರ ಪರದೆಯನ್ನೇ ದಿಟ್ಟಿಸುತ್ತ ನಿಂತಿದ್ದಳು.

ಹೊರಗೆ ಬಂದಾಗ ನನ್ನ ಕೈ ಹಿಡಿದಳು. ಅವಳದು ತಣ್ಣಗಿತ್ತು.

"ನಂಗೂ ಉರೀತದೆ ಕಣೆ. ಬಲು ದಿನದಿಂದ. ಅಂಗಡೀಲಿ ಮಾತ್ರೆ ತಕಂಡು ನುಂಗ್ತೀನಿ. ಯಾರ್ಗೂ ಏಳಿಲ್ಲ."

ಅವಳ ಗೊಣಗಾಟದ ಅರ್ಥ ಆಗ ತಿಳಿಯಿತು. ನಾನು ತಿರುಗಿ ಒಳಗೆ ಹೋಗಿ ಅವಳಿಗೂ ಒಂದು ದಿನ ಗೊತ್ತುಮಾಡಿಸಿಕೊಂಡು ಬಂದೆ. ಅವಳು ಬೇಡವೆನ್ನಲಿಲ್ಲ.

ಆ ದಿನ ನೋಡಿದರೆ ಅವಳ ಪಟ್ಟಿಯಲ್ಲಿ ಕೆಂಪೇ ಇರಲಿಲ್ಲ. ಆಮ್ಲ ಅವಳ ಗೋಡೆಯನ್ನು ಕೆಡಿಸಿಲ್ಲ, ಉರಿಗೆ ಕಾರಣ ಬೇರೆ, ಅಂಗಡಿಯ ಆ ಮಾತ್ರೆ ಬೇಡ ಎಂದು ಡಾಕ್ಟರಮ್ಮ ಬೇರೆ ಔಷಧ ಕೊಟ್ಟರು. ನನಗೆ ಊಟಕ್ಕೆ ಮುಂಚೆ ನುಂಗುವ ಮಾತ್ರೆ, ಉಂಡ ಕೂಡಲೇ ಮಲಗಬಾರದೆಂಬ ಕಟ್ಟಪ್ಪಣೆ. ಮಂಚದ ತಲೆಭಾಗಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದೇನೆ. ದನಿ ಮೊದಲಿನಷ್ಟು ಬಂದಿಲ್ಲ, ಆದರೂ ಹಿಂದಿನ ಸೀಟಿನವರೆಗೆ ಮುಟ್ಟುತ್ತದೆ. ಅಕ್ಕ ಈಗ ಫೋನ್ ಮಾಡಿದರೆ ಮೊದಲು ಕೇಳುವುದು, "ಉಂಡ್ಯಾ? ಕೆಳಕ್ಕೆ ಇಳೀತಾ?"