ಗ್ಯಾಲಕ್ಸಿಗಳ ಲೆಕ್ಕದಲ್ಲಿ ಬೆರೆಸಿದ ಸುಳ್ಳು

ಮಗಳು ವಿಜಯವಾಡದಲ್ಲಿ ಗ್ಯಾಲಕ್ಸಿಗಳ ಗುಂಪು ಅಳೆಯುತ್ತಾಳೆ ಎಂದರೆ ಹುಬ್ಬಳ್ಳಿಯ ನನ್ನ ತಮ್ಮ, 'ಅಲ್ಲೂ ಗುಂಪುಗಾರಿಕಿ ಬಿಟ್ಟಿಲ್ಲೇನು' ಎಂದು ನಗುತ್ತಿದ್ದ. ಗ್ಯಾಲಕ್ಸಿಗಳು ಎಲ್ಲೆಂದರಲ್ಲಿ ಚೆಲ್ಲಿಕೊಂಡಿಲ್ಲವಂತೆ. ಸಾಲುಗಟ್ಟಿ, ಗುಂಪುಗೂಡಿ, ನಡುವೆ ಭಾರಿ ಬಯಲು ಬಿಟ್ಟುಕೊಂಡಿವೆಯಂತೆ. ಆ ಗುಂಪುಗಳು ಸಿದ್ಧಾಂತ ಹೇಳುವುದಕ್ಕಿಂತ ದಟ್ಟವಾಗಿವೆ ಎಂದು ಅವಳ ಲೆಕ್ಕ ಎರಡು ವರ್ಷದಿಂದ ತೋರಿಸುತ್ತಿತ್ತು. ನಿಜವಾದರೆ ಹೊಸ ಸಂಗತಿ. ಅವಳ ಮುಂದಿನ ದಾರಿಯೆಲ್ಲ ಅದರ ಮೇಲೆಯೇ ನಿಂತಿತ್ತು.

'ಗುಟ್ಟು ಬಿಚ್ಚೋತನಕ ಯಾರಿಗೂ ಹೇಳಬ್ಯಾಡ ಅಪ್ಪಾ' ಎಂದಿದ್ದಳು. ಯಾವ ಗುಟ್ಟು ಎಂದು ನಾನು ಕೇಳಲಿಲ್ಲ. ಬಾಯಿಗೆ ಬೀಗ ಹಾಕಿಕೊಳ್ಳುವುದೂ ನನ್ನಿಂದಾಗದ ಕೆಲಸ. ತಮ್ಮನಿಂದ ಹಿಡಿದು ಮಧುರವಾಡದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ವರೆಗೆ ಎಲ್ಲರಿಗೂ ಸಾರಿಬಿಟ್ಟೆ. ಗುಟ್ಟು ಬಿಚ್ಚುವ ದಿನ ವಿಜಯವಾಡಕ್ಕೆಂದು ದುವ್ವಾಡದಲ್ಲಿ ರೈಲು ಹತ್ತುವಾಗ ಕೈಯಲ್ಲಿ ಹಂಚಲಿಕ್ಕೆಂದು ಪೂತರೇಕು ಎಂಬ ಸಿಹಿಯ ದೊಡ್ಡ ಡಬ್ಬಿಯೇ ಇತ್ತು.

ಮಗಳ ಕೋಣೆಯಲ್ಲಿ ಅವಳ ಸಂಶೋಧನೆಯ ಗೈಡ್ ಮೇಡಂ ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದರು. ತೆರೆಯ ಮೇಲೆ ಮಗಳ ಲೆಕ್ಕದ ಗೆರೆ ಸರಿದು, ಸಿದ್ಧಾಂತದ ಗೆರೆಯ ಮೇಲೆ ಹೋಗಿ ಕೂತಿತು. ಹೊಸದೇನೂ ಉಳಿಯಲಿಲ್ಲ.

ಮನಸ್ಸಿಗೆ ಬೇಕಾದ ಉತ್ತರದ ಕಡೆ ಲೆಕ್ಕ ವಾಲದಿರಲಿ ಎಂದು ಮೇಡಂ ಮೊದಲೇ ಮಾಹಿತಿಯಲ್ಲಿ ಒಂದಿಷ್ಟು ಸುಳ್ಳು ಬೆರೆಸಿದ್ದರು. ಈ ಕಸುಬಿನ ಪದ್ಧತಿಯೇ ಅದಂತೆ. ಎಷ್ಟು ಬೆರೆಸಿದ್ದು, ಎಲ್ಲಿ ಬೆರೆಸಿದ್ದು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಈಗ ಒತ್ತಿದ್ದು ಅದನ್ನು ತೆಗೆಯಲಿಕ್ಕೆ. ಮಗಳು ಕಂಡ ಹೊಸತೆಲ್ಲ ಆ ಸುಳ್ಳೇ! ನಮ್ಮ ಮನೆಯಲ್ಲಿ ಉಂಡು ಹೋದವರು, ಈ ಹುಡುಗಿ ಹಿಗ್ಗುವುದನ್ನು ಎರಡು ವರ್ಷ ನೋಡುತ್ತ ಸುಮ್ಮನಿದ್ದರಲ್ಲ ಎಂದು ನನಗೆ ಸಿಟ್ಟು ಬಂತು.

'ಇನ್ನೊಮ್ಮೆ ಮಾಡವಾ. ಎಲ್ಲೋ ಒಂಚೂರು ತಿದ್ದಿದ್ರ ಸರಿಹೋಗ್ತದ' ಎಂದೆ.

'ಕುದರದು ಅಪ್ಪಾ' ಎಂದಳು. ಆಗದು ಎನ್ನಬೇಕಾದಾಗ ಅವಳಿಗೆ ತೆಲುಗೇ ಬರುತ್ತದೆ. 'ಗುಟ್ಟು ಬಿಚ್ಚಿದ ಮ್ಯಾಲೆ ಏನೂ ಮುಟ್ಟಬಾರದು. ಬಂದಿದ್ದನ್ನ ಬಂದಂಗೇ ಕಳಿಸಬೇಕು.'

'ಸುಳ್ಳು ಬೆರೆಸ್ಯಾರ ಅಂತ ನಿನಗ ಗೊತ್ತಿತ್ತೇನು?'

'ಗೊತ್ತಿತ್ತು. ಆದ್ರೂ ಇದು ಖರೇನೇ ಇರಲಿ ಅಂತ ದಿನಾ ಬೇಡ್ಕೊಂತಿದ್ದೆ.'

ಪ್ರಬಂಧದ ಕೊನೆಯ ಪುಟದಲ್ಲಿ ಉತ್ತರಕ್ಕೆಂದು ಖಾಲಿ ಬಿಟ್ಟಿದ್ದ ಜಾಗ ತುಂಬಿಸಿ, ಅವಳು ವಿಜ್ಞಾನ ಪತ್ರಿಕೆಗೆ ಕಳಿಸಿಬಿಟ್ಟಳು. ಆಮೇಲೆ ಅತ್ತಳು. ಸಮಾಧಾನ ಮಾಡೋಣವೆಂದು ನಾನು ಕೈ ಚಾಚಿದೆ. ಅವಳು ಮಾತ್ರ ಎದ್ದು ಹೋಗಿ ಆ ಮೇಡಂ ಹೆಗಲಿಗೆ ಮುಖ ಒತ್ತಿದಳು.